ಮದುವೆ ಹಂದರದಲ್ಲಿ ಸಿಂಧೂರದ ಜಗಳ

ನಮ್ಮ ಕಾಕಾನ ಮಗಳ ಮದುವೆ ಇದ್ದದ್ದು 2025ರ ಮೇ 9, ಶುಕ್ರವಾರ. ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಹಂದರದ ಕಂಬ ನೆಟ್ಟವನು ಮದುಮಗಳ ಅಣ್ಣ. ಮಿಲಿಟ್ರಿಯಲ್ಲಿದ್ದಾನೆ, ತಂಗಿಯ ಮದುವೆಗೆಂದೇ ರಜೆ ಹಾಕಿ ಬಂದಿದ್ದ. ಕಾಶ್ಮೀರದ ಪಹಲ್ಗಾಮ್ ದಾಳಿಗೆ ಉತ್ತರವಾಗಿ 7ರ ನಸುಕಿನಲ್ಲಿ ನಮ್ಮ ಸೈನ್ಯ ಗಡಿಯಾಚೆಯ ಉಗ್ರರ ಶಿಬಿರಗಳಿಗೆ ಹೊಡೆದಿತ್ತು, ಅದೇ ಆಪರೇಷನ್ ಸಿಂಧೂರ. ಬೆಳಿಗ್ಗೆ ಫೋನ್ ಬಂತು, ರಜೆ ರದ್ದು. ತೋರಣ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು, ಬ್ಯಾಗ್ ತುಂಬಿಕೊಂಡು ಅವತ್ತೇ ಬೆಳಗಾವಿ ಸ್ಟೇಷನ್ನಿಗೆ ಹೊರಟ. ಕಾಕಾ ಏನೂ ಮಾತಾಡದೆ ಉಳಿದ ತೋರಣ ಕಟ್ಟಲು ನಿಂತರು.

ನಮ್ಮ ಕಡೆ ಇದು ಅಪರೂಪವೇನಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಓಣಿಗೆ ಒಬ್ಬರಾದರೂ ಮಿಲಿಟ್ರಿಯವರು ಸಿಗುತ್ತಾರೆ. ಆ ವಾರ ಇನ್ನೊಂದು ಹೆಮ್ಮೆಯೂ ಸೇರಿಕೊಂಡಿತ್ತು. ದಿಲ್ಲಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಪಕ್ಕ ಕೂತು, ಆಪರೇಷನ್ ಸಿಂಧೂರದಲ್ಲಿ ಎಲ್ಲೆಲ್ಲಿ ಹೊಡೆದೆವು ಅಂತ ದೇಶಕ್ಕೆ ಹೇಳಿದ ಕರ್ನಲ್ ಸೋಫಿಯಾ ಕುರೇಶಿ ನಮ್ಮ ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ. "ನಮ್ಮ ಜಿಲ್ಲಾದ ಸೊಸಿ ಹೆಂಗ ಮಾತಾಡಿದಳು ನೋಡ್ರಿ" ಅಂತ ಅಡುಗೆಗೆ ಬಂದ ಹೆಂಗಸರೂ ಅದನ್ನೇ ಹೇಳುತ್ತಿದ್ದರು.

ಜಗಳ ಹತ್ತಿದ್ದು 8ರ ರಾತ್ರಿ. ಬುಂದಿ ಉಂಡೆ ಕಟ್ಟಿ ಮುಗಿದಿತ್ತು. ನಾವು ಹೆಂಗಸರು ಅಂಗಳದಲ್ಲಿ ಚಾಪೆ ಹಾಸಿಕೊಂಡು ಬಳ್ಳೊಳ್ಳಿ ಸುಲಿಯುತ್ತಿದ್ದೆವು. ಇಷ್ಟು ಸುಲಿದರೆ ಉಗುರಿನ ಸಂದಿ ಉರಿಯುತ್ತದೆ, ಎರಡು ದಿನ ವಾಸನೆ ಹೋಗುವುದಿಲ್ಲ. ಗಂಡಸರು ಹೊರಸಿನ ಮೇಲೆ ಉರುಳಿದ್ದರು. ಹುಡುಗರು ಒಂದೇ ಫೋನಿಗೆ ತಲೆ ಕೂಡಿಸಿ ಐಪಿಎಲ್ ನೋಡುತ್ತಿದ್ದರು. ಧರ್ಮಶಾಲಾದಲ್ಲಿ ಪಂಜಾಬ್ ಮತ್ತು ದಿಲ್ಲಿ ಆಟ. ಆಟ ನಡುವೆಯೇ ನಿಂತಿತು, ಲೈಟು ಆರಿತು, ಜನರನ್ನೆಲ್ಲ ಹೊರಗೆ ಕಳಿಸಿದರು. ಹುಡುಗರು ನ್ಯೂಸಿಗೆ ಬಂದರು.

ಅಲ್ಲಿ ಬೇರೆಯೇ ಆಟ ನಡೆದಿತ್ತು. ಕರಾಚಿ ಬಂದರು ನಾಶ ಆಯಿತು ಅಂದರು. ನಮ್ಮ ಹುಡುಗರು ಸಿಳ್ಳೆ ಹಾಕಿದರು, ಒಬ್ಬ ನಾಳೆಗೆ ತಂದಿಟ್ಟಿದ್ದ ಪಟಾಕಿ ತೆಗೆಯಲು ಎದ್ದ. ಕರಾಚಿಯ ಸುದ್ದಿ ಪೂರ್ತಿ ಸುಳ್ಳು ಅಂತ ಮರುದಿನವೇ ಗೊತ್ತಾಯಿತು, ಅದು ಬೇರೆ ಮಾತು. ಆ ಹೊತ್ತಿಗೆ ಎಲ್ಲರೂ ನಂಬಿದ್ದೆವು.

ಅಷ್ಟರಲ್ಲಿ ವೈನಿ, ಅಂದರೆ ವಾಪಸ್ ಹೋದವನ ಹೆಂಡತಿ, ಬಳ್ಳೊಳ್ಳಿ ಬುಟ್ಟಿ ಸರಿಸಿ ಎದ್ದು ಹೋಗಿ ಒಬ್ಬ ಹುಡುಗನ ಮುಂದೆ ಕೈ ಚಾಚಿದಳು. "ಫೋನ್ ಕೊಡು." ಅವನು ಅವಳ ಗಂಡ ಯೂನಿಫಾರ್ಮಿನಲ್ಲಿ ನಿಂತ ಫೋಟೋ ಸ್ಟೇಟಸ್ಸಿಗೆ ಹಾಕಿದ್ದ. ಕೆಳಗೆ ಯಾವ ರೈಲು, ಯಾವ ಕಡೆ ಹೊರಟ, ಎಲ್ಲ ಬರೆದಿದ್ದ. ಮೇಲೆ ಬೆಂಕಿಯ ಚಿತ್ರ, ಸಿಂಹದ ಚಿತ್ರ. "ಎಲ್ಲಿಗಿ ಹೊಂಟೇನಿ ಅಂತ ಅವರು ನನಗೂ ಪೂರ್ತಿ ಹೇಳಿಲ್ಲ. ನೀ ಊರಿಗೆಲ್ಲಾ ಸಾರಾಕ ಹತ್ತೀಯೇನು?" ಅಂದಳು. ಡಿಲೀಟ್ ಮಾಡಿಸಿದಳು, ಯಾರ‍್ಯಾರು ನೋಡಿದ್ದಾರೆ ಅಂತಲೂ ತೆಗೆಸಿ ನೋಡಿದಳು. ಆಮೇಲೆ ಬಂದು ಮತ್ತೆ ಸುಲಿಯಲು ಕೂತಳು.

ಸುಮ್ಮನಾದ ಆ ಗಳಿಗೆಯಲ್ಲಿ ಮಾಸ್ತರ ಮಾಮಾ ಬಾಯಿ ಬಿಟ್ಟರು. ರಿಟೈರಾದ ಶಾಲೆ ಮಾಸ್ತರರು. ಅವರ ಅಜ್ಜ 1924ರ ಡಿಸೆಂಬರಿನಲ್ಲಿ ಚಕ್ಕಡಿ ಕಟ್ಟಿಕೊಂಡು ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದರಂತೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ ಅದು. ಟಿಳಕವಾಡಿಯ ಕಾಂಗ್ರೆಸ್ ಬಾವಿ ಕಂಡರೆ ಮಾಮಾ ಇವತ್ತಿಗೂ ಚಪ್ಪಲಿ ಬಿಡುತ್ತಾರೆ.

"ಹೊಡದ್ರ ಮುಗೀತೈತಿ ಅಂತ ಯಾರು ಹೇಳ್ಯಾರ?" ಅಂದರು. "ಅಮೆರಿಕಾದವ್ರು ಅಫಘಾನಿಸ್ತಾನದಾಗ 20 ವರ್ಷ ಹೊಡದ್ರು. 2021ಕ್ಕ ಬಿಟ್ಟು ಹೋಗುವಾಗ ದೇಶ ಯಾರ ಕೈಯಾಗಿತ್ತು? ಅದ ತಾಲಿಬಾನ್. ಪಾಕಿಸ್ತಾನದ ಬಹಾವಲಪುರದಾಗ ಆ ಜೈಶ್ ಉಗ್ರರ ಮುಖಂಡ ಮಸೂದ್ ಅಜರ್‌ನ ಮನಿಯವರು ಹತ್ತು ಮಂದಿ ಹೋದ್ರಂತ, ಅದರಾಗ ಸಣ್ಣ ಮಕ್ಕಳೂ ಇದ್ದುವಂತ. ಅವನು ಉಳದಾನ. ಇದಕ್ಕ ಪಟಾಕಿ ಹಾರಸ್ತೀರೇನು?"

ಹುಡುಗರು ಒಮ್ಮೆಲೇ ಮೇಲೆ ಬಿದ್ದರು. ಪಹಲ್ಗಾಮ್‌ನಲ್ಲಿ ಸತ್ತವರು ಮಕ್ಕಳ ಅಪ್ಪಂದಿರಲ್ಲವಾ ಅಂದರು. ಏಪ್ರಿಲ್ 22ಕ್ಕೆ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನ ಸತ್ತರು. ಧರ್ಮ ಕೇಳಿ ಕೊಂದರು. ನಮ್ಮ ಶಿವಮೊಗ್ಗದವರೊಬ್ಬರನ್ನು ಹೆಂಡತಿ, ಮಗನ ಎದುರೇ ಕೊಂದರು. ಕುದುರೆ ನಡೆಸುವ ಸ್ಥಳೀಯ ಮುಸ್ಲಿಂ ಯುವಕನೊಬ್ಬನೂ ಅಲ್ಲೇ ಸತ್ತ. ಅದನ್ನು ನೆನಪು ಮಾಡಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ನನಗೂ ಬಂತು. ಆದರೆ ಮಾಮಾ ಹೇಳಿದ್ದು ಸಿಟ್ಟಿನ ಬಗ್ಗೆ ಅಲ್ಲ ಅಲ್ವಾ.

ಮಾಮಾಗೆ ಸರಿಯಾದ ಉತ್ತರ ಬಂದದ್ದು ಹುಡುಗರಿಂದಲ್ಲ, ಸುಬೇದಾರ ಕಾಕಾನಿಂದ. ಮರಾಠಾ ರೆಜಿಮೆಂಟಿನಿಂದ ರಿಟೈರಾಗಿ ಬಂದು ಈಗ ಕಬ್ಬು ಬೆಳೆಯುತ್ತಾರೆ. ಜಾಸ್ತಿ ಮಾತಿನವರಲ್ಲ. ಎದ್ದು ಕೂತು, "ಮಾಸ್ತರ, ನೀವು 1924 ಹೇಳ್ರಿ, ನಾ 2001 ಹೇಳ್ತೀನಿ" ಅಂದರು.

ಅವರು ಹೇಳಿದ್ದು ಆಪರೇಷನ್ ಪರಾಕ್ರಮದ ಕಥೆ. 2001ರ ಡಿಸೆಂಬರ್ 13ಕ್ಕೆ ಸಂಸತ್ತಿನ ಮೇಲೆ ದಾಳಿ ಆಯಿತು. ಇಡೀ ಸೈನ್ಯವನ್ನು ಗಡಿಗೆ ತಂದು ನಿಲ್ಲಿಸಿದರು. ಕಾಕಾ ರಾಜಸ್ಥಾನದ ಮರಳಿನಲ್ಲಿ. ಇವತ್ತು ಹೊಡೀತೀವಿ, ನಾಳೆ ಹೊಡೀತೀವಿ ಅಂತ ಸುಮಾರು ಹತ್ತು ತಿಂಗಳು. ಹಗಲು ಬಂದೂಕಿನ ಕಬ್ಬಿಣ ಮುಟ್ಟಿದರೆ ಅಂಗೈ ಸುಡುತ್ತಿತ್ತಂತೆ, ಬಟ್ಟೆ ಸುತ್ತಿ ಹಿಡಿಯುತ್ತಿದ್ದರಂತೆ. ಗಡಿಯುದ್ದಕ್ಕೂ ನೆಲಬಾಂಬು ಹೂತರು. ಯುದ್ಧ ಆಗಲೇ ಇಲ್ಲ. ಹೂತಿದ್ದನ್ನು ಮತ್ತೆ ತೆಗೆಯಬೇಕಾಯಿತು. ಮರಳು ಜಾರಿ ಬಾಂಬುಗಳು ಇಟ್ಟ ಜಾಗದಲ್ಲಿ ಇರಲಿಲ್ಲ.

"ನಮ್ಮವರು ಹೂತ ಮೈನು, ನಮ್ಮವನ ಕಾಲು" ಅಂದರು ಕಾಕಾ. ತಮ್ಮ ಮೊಣಕಾಲಿನ ಕೆಳಗೆ ಕೈಯಿಂದ ಗೆರೆ ಎಳೆದು ತೋರಿಸಿದರು. "ಪಾಕಿಸ್ತಾನದವ್ರು ಒಂದು ಗುಂಡು ಹಾರಿಸಿರಲಿಲ್ಲ."

ಆ ಕಾರ್ಯಾಚರಣೆಯಲ್ಲಿ ಸತ್ತ ಸೈನಿಕರು, ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ, 798. ಯುದ್ಧ ಮಾಡದೆ ಸತ್ತವರು! ಕಾಕಾನ ವಾದ ಇಷ್ಟು: ಹೊಡೆಯದೆ ಕೂರುವುದಕ್ಕೂ ಬೆಲೆ ಇದೆ, ಅದನ್ನು ಯಾರೂ ಎಣಿಸುವುದಿಲ್ಲ. "ಹೊಡಿಯೋದಿದ್ರ ಇಷ್ಟ ಜಾಗಾ, ಇಷ್ಟ ಹೊತ್ತು ಅಂತ ಹೊಡದು ಬರ್ರಿ. ಇಲ್ಲಾಂದ್ರ ನಮ್ಮನ್ನ ಮನ್ಯಾಗ ಬಿಡ್ರಿ. ನಡಬರಕ ನಿಲ್ಲಿಸಬ್ಯಾಡ್ರಿ." ಆಮೇಲೆ ಮಸೂದ್ ಅಜರ್ ವಿಷಯಕ್ಕೆ ಬಂದರು. 1999ರ ಡಿಸೆಂಬರ್ 31ಕ್ಕೆ ಕಂದಹಾರ್‌ನಲ್ಲಿ ಅಪಹರಣವಾದ ವಿಮಾನದ ಜನರನ್ನು ಬಿಡಿಸಿಕೊಳ್ಳಲು ಅವನನ್ನು ಬಿಟ್ಟವರು ನಾವೇ. ಅವನ ಜೈಶ್ ಸಂಘಟನೆಯ ಹೆಸರು ಆಮೇಲೆ ಸಂಸತ್ತಿನ ದಾಳಿಯಲ್ಲಿ ಬಂತು, 2016ರ ಪಠಾಣಕೋಟದಲ್ಲಿ ಬಂತು, 2019ರಲ್ಲಿ 40 ಸಿಆರ್‌ಪಿಎಫ್ ಜವಾನರು ಸತ್ತ ಪುಲ್ವಾಮಾದಲ್ಲಿ ಬಂತು. "ಇನ್ನೆಷ್ಟು ಕಾಯಬೇಕ್ರಿ ಮಾಸ್ತರ?"

ಮಾಮಾ ಸೋಲುವವರಲ್ಲ. 26/11, ಅಂದರೆ 2008ರ ಮುಂಬೈ ದಾಳಿಯ ಮಾತು ತೆಗೆದರು. ಮುಂಬೈಯಲ್ಲಿ 166 ಜನ ಸತ್ತರೂ ಅವತ್ತು ನಾವು ಗಡಿ ದಾಟಲಿಲ್ಲ. ದಾಳಿಕೋರ ಕಸಬ್‌ನನ್ನು ಜೀವಂತ ಹಿಡಿದೆವು, ಕೋರ್ಟಿಗೆ ತಂದೆವು, ವಕೀಲರನ್ನು ಕೊಟ್ಟೆವು, 2012ರಲ್ಲಿ ಪುಣೆಯ ಯರವಡಾದಲ್ಲಿ ಗಲ್ಲಿಗೇರಿಸಿದೆವು. ಇಡೀ ಜಗತ್ತು ಸಾಕ್ಷಿ ನೋಡಿತು. ಪಾಕಿಸ್ತಾನಕ್ಕೆ ಬಾಯಿ ಇಲ್ಲದಂತಾಯಿತು ಅಂದರು.

ಇಬ್ಬರೂ ನನ್ನ ಕಡೆ ನೋಡಿದರು. ನಾನು ಬೆಳಗಾವಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳುವವಳು. ಇಂಥ ಜಗಳಕ್ಕೆ ನನ್ನನ್ನೇ ಪಂಚರನ್ನಾಗಿ ಮಾಡುತ್ತಾರೆ. ಸುಮ್ನೆ ಇಬ್ಬರಿಗೂ ಅರ್ಧ ಅರ್ಧ ಹಂಚಿ ಎದ್ದು ಹೋಗಬಹುದಿತ್ತು. ಆದರೆ ನನಗೆ ಅನಿಸಿದ್ದು ಅರ್ಧ ಅರ್ಧ ಅಲ್ಲ.

ಮಾಮಾ ಹೇಳಿದ ದಾರಿ ದೊಡ್ಡದು. ತುಕಾರಾಂ ಓಂಬ್ಳೆ ಎಂಬ ಪೊಲೀಸ್ ಎಎಸ್‌ಐ ಬರಿಗೈಯಲ್ಲಿ ಕಸಬ್‌ನ ಬಂದೂಕಿನ ನಳಿಗೆ ಹಿಡಿದು, ಗುಂಡು ತಿಂದು ಸತ್ತದ್ದರಿಂದ ಆ ಸಾಕ್ಷಿ ನಮಗೆ ಸಿಕ್ಕಿತು. ಆದರೆ ಕಸಬ್‌ನನ್ನು ಕಳಿಸಿದವರು? ಲಷ್ಕರ್ ಉಗ್ರ ಸಂಘಟನೆಯ ಹಫೀಜ್ ಸಯೀದ್ ಎಷ್ಟೋ ವರ್ಷ ಲಾಹೋರಿನಲ್ಲಿ ಭಾಷಣ ಮಾಡಿಕೊಂಡು ಓಡಾಡಿದ. ಹಣದ ಅಕ್ರಮ ನೋಡುವ ಎಫ್‌ಎಟಿಎಫ್ 2018ರಲ್ಲಿ ಪಾಕಿಸ್ತಾನವನ್ನು ಗ್ರೇ ಲಿಸ್ಟಿಗೆ, ಅಂದರೆ ನಿಗಾ ಇಡುವ ದೇಶಗಳ ಪಟ್ಟಿಗೆ, ಹಾಕಿದ ಮೇಲೆ, 2020ರಲ್ಲಿ ಅಲ್ಲಿನ ಕೋರ್ಟು ಅವನಿಗೆ ಶಿಕ್ಷೆ ಕೊಟ್ಟಿತು. ಅದೂ ಭಯೋತ್ಪಾದನೆಗೆ ಹಣ ಹೊಂದಿಸಿದ ಕೇಸಿನಲ್ಲಿ, ಮುಂಬೈ ಕೇಸಿನಲ್ಲಿ ಅಲ್ಲ. ತನ್ನ ನೆಲದಲ್ಲಿ ಕೂತವರನ್ನು ಒಂದು ದೇಶ ಹಿಡಿಯುವುದೇ ಇಲ್ಲ ಅಂದರೆ, ಏಟು ತಿಂದ ದೇಶ ಎಷ್ಟು ಸಲ ಅರ್ಜಿ ಬರೆಯಬೇಕು? ತನ್ನನ್ನು ತಾನು ಕಾಪಾಡಿಕೊಳ್ಳುವ ಹಕ್ಕನ್ನು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯೇ ಕೊಟ್ಟಿದೆ. ಗಾಂಧೀಜಿ ಕೂಡ 1947ರಲ್ಲಿ ಕಾಶ್ಮೀರಕ್ಕೆ ಸೈನ್ಯ ಹೋದಾಗ ಅಡ್ಡ ನಿಲ್ಲಲಿಲ್ಲ. ಇದನ್ನು ಹೇಳಿದಾಗ ಮಾಮಾ ಮುಖ ತಿರುಗಿಸಿದರು.

ಹಾಗಾಗಿ ಹೊಡೆದದ್ದು ಸರಿ ಅಂದೆ. ಹುಡುಗರು ಚಪ್ಪಾಳೆ ತಟ್ಟಲು ಹೋದರು. ತಡೆಯಿರಿ, ಮುಗಿದಿಲ್ಲ ಅಂದೆ.

ಹೊಡೆಯುವುದು ಸರಿಯಾಗಬೇಕಾದರೆ ಯಾರನ್ನು, ಎಲ್ಲಿಯವರೆಗೆ ಅನ್ನುವುದು ಹೊಡೆಯುವ ಮೊದಲೇ ಗೊತ್ತಿರಬೇಕು. ಮೊದಲ ರಾತ್ರಿ ಸರ್ಕಾರ ಹೇಳಿದ್ದು ಅದನ್ನೇ: ಒಂಬತ್ತು ಶಿಬಿರ, ಅವರ ಸೈನ್ಯದ ನೆಲೆ ಒಂದೂ ಇಲ್ಲ. ಅಲ್ಲಿಗೆ ನಿಂತಿದ್ದರೆ ಲೆಕ್ಕ ಸುಲಭ ಇತ್ತು. ಆದರೆ ಎದುರಿಗಿದ್ದವನು ನಮ್ಮ ಲೆಕ್ಕಕ್ಕೆ ನಿಲ್ಲುವುದಿಲ್ಲ. ಅವತ್ತೇ ಗಡಿಯ ಈಚೆಯ ನಮ್ಮ ಪೂಂಚ್ ಮೇಲೆ ಪಾಕಿಸ್ತಾನದ ಶೆಲ್ ಬಿದ್ದು ಮಕ್ಕಳೂ ಸೇರಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಸೈನಿಕರಲ್ಲ. ನಾವು ಈ ಅಂಗಳದಲ್ಲಿ ಕೂತು "ಇನ್ನೂ ಹೊಡೀರಿ" ಅಂದರೆ, ಅದರ ಏಟು ಬೀಳುವುದು ಬೈಲಹೊಂಗಲಕ್ಕಲ್ಲ. ಇನ್ನೊಂದೂ ಇದೆ. 2019ರಲ್ಲಿ ಪಾಕಿಸ್ತಾನದ ಬಾಲಾಕೋಟ್ ಮೇಲೆ ನಮ್ಮ ವಿಮಾನಗಳು ದಾಳಿ ಮಾಡಿದ ಮರುದಿನ ಕಾಶ್ಮೀರದ ಬಡಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಹೆಲಿಕಾಪ್ಟರನ್ನು ಬೀಳಿಸಿತು. ಅದರಲ್ಲಿದ್ದ ಆರು ಜನ ವಾಯುಪಡೆಯವರು ಸತ್ತರು. ಆ ಗಡಿಬಿಡಿಯಲ್ಲಿ ಅಂಥದ್ದು ಆಗುತ್ತದೆ. ಹುಡುಗರಿಗೆ ಇದು ಗೊತ್ತೇ ಇರಲಿಲ್ಲ. ಸುಬೇದಾರ ಕಾಕಾಗೆ ಗೊತ್ತಿತ್ತು, ತಲೆ ಅಲ್ಲಾಡಿಸಿದರು.

ಮಾಮಾ ಎತ್ತಿದ ಮಕ್ಕಳ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಉಗ್ರರು ಹೆಂಡತಿ ಮಕ್ಕಳ ನಡುವೆಯೇ ಇರುತ್ತಾರೆ ಅಂತ ಒಬ್ಬ ಹುಡುಗ ಅಂದ. ನಿಜ ಇರಬಹುದು. ಹಾಗಂತ ಅದಕ್ಕೆ ಪಟಾಕಿ ಹಾರಿಸಲು ಬರುವುದಿಲ್ಲ.

ವೈನಿ ಇಷ್ಟು ಹೊತ್ತು ಒಂದು ಮಾತೂ ಆಡಿರಲಿಲ್ಲ. ಸಿಪ್ಪೆ ಗುಡಿಸುತ್ತ, "ಹೊಡೀಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ, ಅದು ಅವರ ನೌಕರಿ. ನಾಳೆ ಮುಂಜಾನೆ ಜಲ್ದಿ ಏಳೋದೈತಿ, ಮಲಗ್ರಿನ್ನ" ಅಂದಳು. ಎಲ್ಲರೂ ಎದ್ದರು.

ಮದುವೆ ಚೆನ್ನಾಗಿ ಆಯಿತು. ಬಿಸಿಲು ವಿಪರೀತ, ಊಟಕ್ಕೆ ಬಂದವರು ನಿರೀಕ್ಷೆಗಿಂತ ಜಾಸ್ತಿ, ಅನ್ನ ಎರಡನೇ ಸಲ ಇಟ್ಟೆವು. 10ರ ಸಂಜೆ ನಾವು ಪಾತ್ರೆ ಎಣಿಸಿ ವಾಪಸ್ ಕೊಡುವಾಗ ಸುದ್ದಿ ಬಂತು, ಐದು ಗಂಟೆಯಿಂದ ಗುಂಡು ಬಂದ್. ಹುಡುಗರಿಗೆ ಭಾರಿ ಬೇಜಾರು. "ಇಷ್ಟಕ್ಕ ಬಿಟ್ರಲ್ಲ" ಅಂತ ಒಬ್ಬ ಗೊಣಗಿದ. ಸುಬೇದಾರ ಕಾಕಾ ಅವನಿಗೆ, "ನಿನಗ 19 ನಡದೈತಿ, ಕ್ಯಾಂಪಿನ್ಯಾಗ ಅಗ್ನಿವೀರ ಭರ್ತಿ ಐತಿ, ಅರ್ಜಿ ಹಾಕು" ಅಂದರು. ಅವನು ಕುರ್ಚಿ ಎತ್ತಿಡಲು ಹೋದ.

ಆಮೇಲೆ ಜುಲೈನಲ್ಲಿ ಮತ್ತೆ ಎಲ್ಲರೂ ಸೇರಿದೆವು. ರಜೆ ಸಿಕ್ಕು ಅಣ್ಣ ಬಂದಿದ್ದ. ಮಗಳು, ಅಳಿಯನನ್ನು ಕರೆಸಿ ಕಾಕಾ ಹೋಳಿಗೆ ಊಟ ಇಟ್ಟಿದ್ದರು. ಅದೇ ವಾರ, 28ನೇ ತಾರೀಕು, ಶ್ರೀನಗರದ ಹತ್ತಿರದ ಕಾಡಿನಲ್ಲಿ ಆಪರೇಷನ್ ಮಹಾದೇವ್ ನಡೆದು ಮೂವರು ಉಗ್ರರು ಸತ್ತಿದ್ದರು. ಪಹಲ್ಗಾಮ್‌ನಲ್ಲಿ ಗುಂಡು ಹಾರಿಸಿದವರು ಇವರೇ ಅಂತ ಗೃಹ ಸಚಿವ ಅಮಿತ್ ಶಾ ಮರುದಿನ ಲೋಕಸಭೆಯಲ್ಲಿ ಹೇಳಿದರು. ನನಗೆ ತಟ್ಟಿದ್ದು ಇದು: ಮೇ 7ರ ನಸುಕಿನಲ್ಲಿ ಕ್ಷಿಪಣಿಗಳು ಗಡಿ ದಾಟಿ ಹೋದಾಗ, ಕೊಂದವರು ಇನ್ನೂ ಗಡಿಯ ಈಚೆ, ನಮ್ಮ ಕಾಡಿನಲ್ಲೇ ಇದ್ದರು. ಅವರನ್ನು ಹುಡುಕಲು ಬೇಹುಗಾರರು, ಪೊಲೀಸರು, ಸೈನಿಕರು ಮೂರು ತಿಂಗಳು ಗುಡ್ಡ ಅಲೆಯಬೇಕಾಯಿತು. ಹಿಡಿದ ಬಂದೂಕುಗಳನ್ನು ಪ್ರಯೋಗಾಲಯದಲ್ಲಿ ಹಾರಿಸಿ, ಬೈಸರನ್‌ನಲ್ಲಿ ಸಿಕ್ಕ ತೋಟಾಗಳಿಗೆ ಹೋಲಿಸಿ ನೋಡಿದರು. ಟಿ.ವಿ.ಯಲ್ಲಿ ತೋರಿಸಲು ಇದರಲ್ಲಿ ಏನೂ ಇಲ್ಲ, ಆದರೆ ಪಹಲ್ಗಾಮ್‌ನ ಕೊಲೆಗಾರರು ಸಿಕ್ಕಿದ್ದು ಈ ಕೆಲಸದಿಂದ.

ಇನ್ನೊಂದು ಮಾತು ಆ ತಿಂಗಳೇ ಬಂದಿತ್ತು. ಪಹಲ್ಗಾಮ್‌ನಲ್ಲಿ ಆದದ್ದು ಭದ್ರತೆಯ ವೈಫಲ್ಯ, ಅದರ ಹೊಣೆ ನನ್ನದು ಅಂತ ಜಮ್ಮು ಕಾಶ್ಮೀರದ ಉಪ ರಾಜ್ಯಪಾಲ ಮನೋಜ್ ಸಿನ್ಹಾ ಹೇಳಿದ್ದರು. ಅಷ್ಟು ಪ್ರವಾಸಿಗರು ಹೋಗುವ ಜಾಗದಲ್ಲಿ ಕಾವಲು ಯಾಕಿರಲಿಲ್ಲ ಅನ್ನುವ ಪ್ರಶ್ನೆ ಮೇ ತಿಂಗಳ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಹೊಡೆಯಬೇಕು ಅಂತ ಹೇಳುವ ನನ್ನಂಥವರೇ ಇದನ್ನು ಮೊದಲು ಕೇಳಬೇಕಿತ್ತು. ಇಲ್ಲದಿದ್ದರೆ ಒಳಗಿನ ತಪ್ಪಿಗೆಲ್ಲ ಹೊರಗಿನ ಏಟೇ ಮುಸುಕಾಗುತ್ತದೆ.

ಇಷ್ಟನ್ನೂ ಹೋಳಿಗೆ ಊಟದ ಪಂಕ್ತಿಯಲ್ಲಿ ಹೇಳಿದೆ. ಸುಬೇದಾರ ಕಾಕಾ ತುಪ್ಪ ಹಾಕಿಸಿಕೊಳ್ಳುತ್ತ, "ನೋಡಿದ್ರಿಲ್ಲೋ ಮಾಸ್ತರ, ಕಡೀಕೆ ಹೊಡಿಯಲೇ ಬೇಕಾತು" ಅಂದರು. "ಹುಡುಕಿ, ಗುರುತು ಹಿಡದು, ಆಮ್ಯಾಲ ಹೊಡದ್ರು. ನಾ ಹೇಳಿದ್ದು ಅದನ್ನ" ಅಂದರು ಮಾಮಾ. ಮತ್ತೆ ಹತ್ತಿಕೊಂಡಿತು. ಅಣ್ಣನನ್ನು ಯಾರೋ ಕೇಳಿದರು, ನೀ ಏನಂತೀ ಅಂತ. ಅವನು ಬಾಯಿಯಲ್ಲಿ ಹೋಳಿಗೆ ಇಟ್ಟುಕೊಂಡೇ, ರಜೆಯ ಮೇಲೆ ಬಂದಾಗ ಡ್ಯೂಟಿ ವಿಷಯ ಕೇಳಬೇಡಿ ಅಂದ, ಮದುವೆ ವಿಡಿಯೋದವನು ಇನ್ನೂ ಪೆನ್‌ಡ್ರೈವ್ ಯಾಕೆ ಕೊಟ್ಟಿಲ್ಲ ಅಂತ ಕಾಕಾನ ಮೇಲೆ ರೇಗಿದ.