ಎಲ್ಲಿ ಸವೆದಿದೆ, ಮೊದಲು ಅದನ್ನು ನೋಡಿ

ಅಜ್ಜನ ಮರದ ಪೆಟ್ಟಿಗೆಯ ತಳದಲ್ಲಿ ಒಂದು ಸಾಮಾನು ಸಿಕ್ಕಿತ್ತು. ನೋಡಲು ಇಕ್ಕಳದ ಹಾಗೆ. ಎರಡು ಹಿಡಿ, ನಡುವೆ ಒಂದು ಸ್ಪ್ರಿಂಗ್. ಆದರೆ ಬಾಯಿ ಮಾತ್ರ ಇಕ್ಕಳದ್ದಲ್ಲ. ಹಿಡಿ ಒತ್ತಿದರೆ ಬೆಂಕಿಕಡ್ಡಿಯಷ್ಟು ದಪ್ಪದ ಉಕ್ಕಿನ ಕಡ್ಡಿಯೊಂದು ಮುಂದೆ ಬರುತ್ತಿತ್ತು. ಅದರ ಎದುರಿಗೆ ಒಂದು ದುಂಡನೆಯ ಬಿಲ್ಲೆ. ಬಿಲ್ಲೆಯನ್ನು ತಿರುಗಿಸಬಹುದು, ಅಂಚಿನಲ್ಲಿ 4ರಿಂದ 12ರವರೆಗೆ ಅಂಕಿಗಳು. ಚರ್ಮಕ್ಕೆ ತೂತು ಹೊಡೆಯುವುದಿರಬೇಕು ಅಂದುಕೊಂಡೆ. ಆದರೆ ಕಡ್ಡಿಯ ತುದಿ ಚೂಪಾಗಿರಲಿಲ್ಲ. ಎದುರಿನ ಬಿಲ್ಲೆಯಲ್ಲಿ ತೂತೂ ಇರಲಿಲ್ಲ. ಸುಮಾರು ಒಂದು ವರ್ಷ ಅದು ನನ್ನ ಮೇಜಿನ ಮೇಲೇ ಕೂತಿತ್ತು.

ಅಷ್ಟು ದಿನವೂ ಅದನ್ನು ತೊಳೆಯಲಿಲ್ಲ, ಒರೆಸಲೂ ಇಲ್ಲ. ಅದಕ್ಕೆ ಕಾರಣವಿದೆ. ಅದಕ್ಕೂ ಮೊದಲು ಗೆಳೆಯರೊಬ್ಬರು ಹಿಡಿ ಇರುವ ಒಂದು ಹಿತ್ತಾಳೆ ಗಾಲಿಯನ್ನು ಕೊಟ್ಟಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡದು. ಖುಷಿಯಲ್ಲಿ ಪಾಲಿಶ್ ಹಾಕಿ ಗಂಟೆಗಟ್ಟಲೆ ಉಜ್ಜಿದೆ. ಫಳಫಳ ಹೊಳೆಯಿತು. ಉಜ್ಜುವ ಮೊದಲು ತೆಗೆದ ಫೋಟೋವನ್ನು ಆಮೇಲೆ ದೊಡ್ಡದು ಮಾಡಿ ನೋಡಿದರೆ, ಗಾಲಿಯ ಮೇಲೆ ಯಾರೋ ಗೀಚಿದ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಈಗ ಗಾಲಿಯ ಮೇಲೆ ಅವಿಲ್ಲ. ಅದು ಯಾರ ಕೈಯಲ್ಲಿತ್ತು ಅನ್ನುವುದಕ್ಕೆ ಉಳಿದಿದ್ದ ಒಂದೇ ಗುರುತನ್ನು ನಾನೇ ಅಳಿಸಿಬಿಟ್ಟೆ. ಇವತ್ತಿಗೂ ಆ ಬೇಸರ ಹೋಗಿಲ್ಲ.

ಆ ಗಾಲಿ ಏನು ಅಂತ ತಿಳಿದಾಗ ಬೇಸರ ಇನ್ನೂ ಹೆಚ್ಚಾಯಿತು. ಅದು ಬಂಡಿ ಚಕ್ರ ಮಾಡುವವರ ಅಳತೆ ಸಾಧನ. ಮರದ ಚಕ್ರದ ಅಂಚಿನ ಮೇಲೆ ಅದನ್ನು ಉರುಳಿಸಿಕೊಂಡು ಹೋಗಿ ಎಷ್ಟು ಸುತ್ತು ಬಂತು ಅಂತ ಎಣಿಸುತ್ತಾರೆ. ಆಮೇಲೆ ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿಯ ಮೇಲೂ ಹಾಗೇ ಉರುಳಿಸುತ್ತಾರೆ. ಪಟ್ಟಿ ಚಕ್ರಕ್ಕಿಂತ ಸ್ವಲ್ಪ ಚಿಕ್ಕದಿರಬೇಕು. ಕಾಯಿಸಿದಾಗ ಹಿಗ್ಗಿ ಚಕ್ರದ ಮೇಲೆ ಕೂರುತ್ತದೆ, ತಣಿದಾಗ ಕುಗ್ಗಿ ಬಿಗಿಯಾಗಿ ಹಿಡಿಯುತ್ತದೆ. ಇಷ್ಟು ಸೂಕ್ಷ್ಮದ ಕೆಲಸಕ್ಕೆ ಒಂದು ಗಾಲಿ, ಒಂದು ಸೀಮೆಸುಣ್ಣದ ಗೆರೆ ಸಾಕಾಗುತ್ತಿತ್ತು! ಅಂಕಿ ಓದಲು ಬಾರದವರೂ ಇದರಲ್ಲಿ ತಪ್ಪಿಲ್ಲದೆ ಅಳೆಯಬಹುದು.

ಈಗ ಯಾರಾದರೂ ಹಳೆಯ ಸಾಮಾನು ತಂದು "ಇದೇನು?" ಅಂತ ಕೇಳಿದರೆ, ಮೊದಲು ಭೂತಗನ್ನಡಿ ಹಿಡಿದು ಅದು ಎಲ್ಲಿ ಸವೆದಿದೆ ಅಂತ ನೋಡುತ್ತೇನೆ. ಆಕಾರ ಮೋಸ ಮಾಡುತ್ತದೆ. ಒಂದು ಬದಿಗೆ ಪುಟ್ಟ ಪೆಟ್ಟಿಗೆ ಅಂಟಿಸಿರುವ ಹಳೇ ಕತ್ತರಿಗಳನ್ನು ನೋಡಿದ್ದೀರಾ? ಎಷ್ಟೋ ಜನ ಅದನ್ನು ಬಟ್ಟೆಗೋ ಕೂದಲಿಗೋ ಗಂಟು ಹಾಕುತ್ತಾರೆ. ಪೆಟ್ಟಿಗೆಯ ಒಳಗೆ ನೋಡಿದರೆ ಮಸಿ ಇರುತ್ತದೆ. ಮೇಣದ ಬತ್ತಿಯ ಕರಕಲು ತುದಿಯನ್ನು ಕತ್ತರಿಸುವ ಸಾಧನ ಅದು. ಕತ್ತರಿಸಿದ ಚೂರು ಕೆಳಗೆ ಬೀಳದೆ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಮೊದಲು ಬತ್ತಿ ಉರಿಯುತ್ತಾ ಉದ್ದವಾಗಿ ಉಳಿದು ಹೊಗೆ ಬಿಡುತ್ತಿತ್ತು. 1820ರ ದಶಕದಲ್ಲಿ ಜಡೆಯ ಹಾಗೆ ಹೆಣೆದ ಬತ್ತಿ ಬಂತು. ಅದು ಉರಿಯುವಾಗ ತಾನೇ ಬಾಗಿ, ತುದಿ ಸುಟ್ಟು ಹೋಗುತ್ತದೆ. ಬತ್ತಿ ಬದಲಾಯಿತು, ಕತ್ತರಿಗೆ ಕೆಲಸವೇ ಇಲ್ಲವಾಯಿತು.

ಕಾಲ ತಿಳಿಯಲು ಬೇರೆ ದಾರಿಗಳಿವೆ. ಪೇಟೆಂಟ್ ನಂಬರ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಮೆರಿಕದ ನಂಬರ್ 1911ರಲ್ಲಿ ಹತ್ತು ಲಕ್ಷ ಮುಟ್ಟಿತು, 1935ರಲ್ಲಿ ಇಪ್ಪತ್ತು ಲಕ್ಷ. ಗೂಗಲ್ ಪೇಟೆಂಟ್ಸ್‌ನಲ್ಲಿ ನಂಬರ್ ಹಾಕಿದರೆ ಚಿತ್ರ ಸಮೇತ ಸಿಗುತ್ತದೆ. ಆದರೆ ಅದು ಪೇಟೆಂಟ್ ಸಿಕ್ಕ ವರ್ಷ ಅಷ್ಟೇ, ನಿಮ್ಮ ಕೈಯಲ್ಲಿರುವುದು ಮೂವತ್ತು ವರ್ಷ ಆದಮೇಲೆ ತಯಾರಾಗಿರಬಹುದು. ಬ್ರಿಟನ್ನಿನ ಸಾಮಾನಿನ ಮೇಲೆ ವಜ್ರದ ಆಕಾರದ ಮುದ್ರೆ ಕಂಡರೆ, ಆ ವಿನ್ಯಾಸ 1842ರಿಂದ 1883ರೊಳಗೆ ನೋಂದಣಿಯಾದದ್ದು. ತಲೆಯಲ್ಲಿ ಪ್ಲಸ್ ಗುರುತಿರುವ ಫಿಲಿಪ್ಸ್ ಸ್ಕ್ರೂ 1930ರ ದಶಕದಲ್ಲಿ ಬಂದದ್ದು. ಕಪ್ಪು ಹಿಡಿಯನ್ನು ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದಾಗ ಕಾರ್ಬಾಲಿಕ್ (ಫಿನಾಲ್) ವಾಸನೆ ಬಂದರೆ ಅದು ಬೇಕಲೈಟ್ ಅನ್ನುವ ಹಳೆಯ ಕಾಲದ ಪ್ಲಾಸ್ಟಿಕ್ ಇರಬಹುದು. ಬೇಕಲೈಟ್ ಹುಟ್ಟಿದ್ದು 1907ರಲ್ಲಿ.

ಸವೆತವೇ ಕಾಣದಿದ್ದರೆ ಎಷ್ಟು ಕಷ್ಟ ಅನ್ನುವುದಕ್ಕೆ ರೋಮನ್ನರ ಕಾಲದ ಹನ್ನೆರಡು ಮುಖದ ಕಂಚಿನ ಗೋಳಗಳನ್ನು ನೋಡಬೇಕು. ಒಳಗೆ ಟೊಳ್ಳು. ಒಂದೊಂದು ಮುಖಕ್ಕೂ ಒಂದೊಂದು ತೂತು, ಅಳತೆ ಬೇರೆ ಬೇರೆ. ಮೂಲೆಮೂಲೆಗೂ ಹೊರಗೆ ಚಾಚಿದ ಪುಟ್ಟ ಗುಂಡು. ಮೊದಲನೆಯದರ ಸುದ್ದಿ ದಾಖಲಾದದ್ದು 1739ರಲ್ಲಿ, ಈಗ ನೂರಕ್ಕೂ ಜಾಸ್ತಿ ಸಿಕ್ಕಿವೆ. ಕೈ ಎಲ್ಲಿ ಹಿಡಿದಿತ್ತು, ದಾರವೋ ಕೋಲೋ ಎಲ್ಲಿ ಉಜ್ಜಿತ್ತು ಅಂತ ಹೇಳುವ ಗುರುತು ಅವುಗಳ ಮೇಲೆ ಅಷ್ಟಾಗಿ ಇಲ್ಲ. ಹಾಗಾಗಿ ಅವು ಯಾವ ಕೆಲಸಕ್ಕೆ ಅನ್ನುವ ವಾದ ಮುಗಿದೇ ಇಲ್ಲ.

ಅಜ್ಜನ ಸಾಮಾನಿನ ಮೇಲೆ ಗುರುತು ಬೇಕಾದಷ್ಟಿತ್ತು. ನಾನೇ ತಡವಾಗಿ ನೋಡಿದೆ. ಕಡ್ಡಿಗೂ ಬಿಲ್ಲೆಗೂ ನಡುವಿನ ಸಂದಿಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಎಲ್ಲವೂ ಒಂದೇ ದಿಕ್ಕಿಗೆ. ತೆಳ್ಳನೆಯ ತಗಡಿನಂಥದ್ದೇನೋ ಅಲ್ಲಿ ಸರಿದಾಡಿರಬೇಕು. ಬಿಲ್ಲೆಯ ಅಂಚು ಎಲ್ಲ ಕಡೆ ಮಂಕಾಗಿತ್ತು, 8ರ ಹತ್ತಿರ ಮಾತ್ರ ನುಣುಪಾಗಿ ಹೊಳೆಯುತ್ತಿತ್ತು. ಅದೇ ಪೆಟ್ಟಿಗೆಯಲ್ಲಿ ಅಜ್ಜನ ಕೈಗರಗಸವೂ ಇತ್ತಲ್ವಾ, ತೆಗೆದು ಸಂದಿಗೆ ಇಟ್ಟೆ. ಸರಿಯಾಗಿ ಕೂತಿತು. ಹಿಡಿ ಒತ್ತಿದರೆ ಕಡ್ಡಿ ಒಂದೇ ಒಂದು ಹಲ್ಲಿನ ಮೇಲೆ ಬಂದು ನಿಂತಿತು.

ಗರಗಸದ ಹಲ್ಲು ಬಗ್ಗಿಸುವ ಸಾಧನ ಅದು. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ವಾಲಿದ್ದರೆ ಮರದಲ್ಲಿ ಬೀಳುವ ಸೀಳು ಗರಗಸಕ್ಕಿಂತ ಅಗಲವಾಗುತ್ತದೆ. ಇಲ್ಲದಿದ್ದರೆ ಗರಗಸ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂಕಿ ಹೇಳುವುದು ಒಂದು ಇಂಚಿನಲ್ಲಿ ಹಲ್ಲಿನ ತುದಿ ಎಷ್ಟು ಅಂತ. ಸ್ಕೇಲ್ ಇಟ್ಟು ಎಣಿಸಿದೆ. ಎಂಟು.

ಒಂದು ಬದಿಯ ಹಲ್ಲುಗಳನ್ನೆಲ್ಲ ಮೊದಲು ಬಗ್ಗಿಸಿ, ಆಮೇಲೆ ಗರಗಸ ತಿರುಗಿಸಿ ಇನ್ನೊಂದು ಬದಿಯವನ್ನು ಬಗ್ಗಿಸುವುದು ರೂಢಿ. ಅಜ್ಜನ ಗರಗಸದಲ್ಲಿ ಬಲಕ್ಕೆ ವಾಲಬೇಕಾದ ಹಲ್ಲುಗಳೆಲ್ಲ ಹಿಡಿಯಿಂದ ತುದಿಯವರೆಗೆ ಸರಿಯಾಗಿ ವಾಲಿವೆ. ಎಡಕ್ಕೆ ವಾಲಬೇಕಾದವು ಅರ್ಧದವರೆಗೆ ಮಾತ್ರ. ಉಳಿದವು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಅಜ್ಜ ಯಾವುದೋ ಕೆಲಸಕ್ಕೆ ನಡುವೆಯೇ ಎದ್ದು ಹೋಗಿರಬೇಕು. ಆ ಹಲ್ಲುಗಳನ್ನು ನಾನು ಹಾಗೇ ಬಿಟ್ಟಿದ್ದೇನೆ.