ನೀರುಗಂಟಿಯ ಹೆಬ್ಬೆರಳು

ಮದ್ದೂರಿನಾಚೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ನಮ್ಮ ಊರಿದೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಲ್ಲಿನ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವನು ಒಬ್ಬ ಮುದುಕ ನೀರುಗಂಟಿ. ಹಂಚುತ್ತಿದ್ದವರು ಎಂದು ಬರೆಯಬೇಕಿತ್ತು. ಆದರೆ ಆ ಕಾಲದಲ್ಲಿ ನಾನು ಅವರನ್ನು ಒಮ್ಮೆಯೂ ಬಹುವಚನದಲ್ಲಿ ಕರೆದವನಲ್ಲ. ಎಪ್ಪತ್ತು ದಾಟಿದ್ದ ಅವರು ಎಂಟು ವರ್ಷದ ನನಗೆ ‘ಬುದ್ಧಿ’ ಎನ್ನುತ್ತಿದ್ದರು, ನಾನು ಅವರನ್ನು ಹೆಸರು ಹಿಡಿದು ‘ಬಾರೋ, ಹೋಗೋ’ ಎನ್ನುತ್ತಿದ್ದೆ, ಮನೆಯಲ್ಲಿ ಯಾರೂ ನನ್ನನ್ನು ತಿದ್ದಲಿಲ್ಲ.

ಅವರ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗದ್ದೆಯ ಬದುವಿನ ಮೇಲೆ ನಿಂತು, ಬಲಗಾಲಿನ ಹೆಬ್ಬೆರಳನ್ನು ಕೆಸರಿಗೆ ಊರಿ, ಮೆಲ್ಲಗೆ ಎಳೆದು, ಆ ಕುಳಿಯಲ್ಲಿ ನೀರು ತುಂಬಿಕೊಳ್ಳುವ ಹೊತ್ತನ್ನು ಗಮನಿಸುತ್ತಿದ್ದರು. ಬಳಿಕ ನಮ್ಮ ತಾತನ ಕಡೆ ತಿರುಗಿ, ‘ಸಾಕು ಬುದ್ಧಿ, ಇನ್ನೂ ಬುಟ್ರೆ ಬೇರು ಕೊಳೀತದೆ’ ಎಂದು ಹೇಳಿ ಮಡೆ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ತೂಬು ಸಿಕ್ಕಿಕೊಂಡರೆ ಕೆರೆಗೆ ಮುಳುಗಿ ಮರದ ಬಿರಡೆಯನ್ನು ಎಳೆಯುತ್ತಿದ್ದವರೂ ಅವರೇ. ಊರಿನ ಪ್ರತಿಯೊಂದು ಗದ್ದೆ ಎಷ್ಟು ನೀರು ಕುಡಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು, ಆದರೆ ಊರ ನಡುವಿನ ಸೇದುವ ಬಾವಿಯ ಹಗ್ಗವನ್ನು ಅವರು ಮುಟ್ಟುವಂತಿರಲಿಲ್ಲ.

ಪರಿಸರದ ಬಿಕ್ಕಟ್ಟಿನ ಬಗ್ಗೆ ಓದುವಾಗಲೆಲ್ಲ ನನಗೆ ನೆನಪಾಗುವುದು ಆ ಹೆಬ್ಬೆರಳು. ಅಮೆರಿಕದ ಚಿಂತಕ ಮರೇ ಬುಕ್ಚಿನ್ (1921–2006) ತಮ್ಮ ಬದುಕಿನ ಬಹುಭಾಗವನ್ನು ಒಂದೇ ವಾದಕ್ಕೆ ಮುಡಿಪಾಗಿಟ್ಟರು. ಮನುಷ್ಯ ಪ್ರಕೃತಿಯ ಮೇಲೆ ಸವಾರಿ ಮಾಡಲು ಕಲಿತದ್ದು ಮನುಷ್ಯನ ಮೇಲೆಯೇ ಸವಾರಿ ಮಾಡಿದ ಅಭ್ಯಾಸದಿಂದ ಎಂಬುದು ಆ ವಾದ. ಹಿರಿಯರು ಕಿರಿಯರ ಮೇಲೆ, ಗಂಡಸರು ಹೆಂಗಸರ ಮೇಲೆ, ಒಂದು ಗುಂಪು ಇನ್ನೊಂದರ ಮೇಲೆ ಅಧಿಕಾರ ನಡೆಸುವ ಸಮಾಜಕ್ಕೆ ಕಾಡು, ನದಿ, ಮಣ್ಣು ಕೂಡ ಅಪ್ಪಣೆ ಪಾಲಿಸಬೇಕಾದ ಆಳುಗಳಾಗಿಯೇ ಕಾಣುತ್ತವೆ. ಆಸ್ತಿಯ ಒಡೆತನ ಬದಲಾದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ ಎಂದೂ ಅವರು ಹೇಳುತ್ತಿದ್ದರು, ಅದಕ್ಕೆ ಮಧ್ಯ ಏಷ್ಯಾದ ಅರಾಲ್ ಸಮುದ್ರಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಖಾಸಗಿ ಜಮೀನ್ದಾರರೇ ಇಲ್ಲದ ಸೋವಿಯತ್ ಒಕ್ಕೂಟದಲ್ಲಿ, ಮೇಲಿನಿಂದ ಬಂದ ಆಜ್ಞೆಯಂತೆ, 1960ರ ದಶಕದಿಂದ ಎರಡು ಮಹಾನದಿಗಳನ್ನು ಹತ್ತಿಯ ಹೊಲಗಳಿಗೆ ತಿರುಗಿಸಿ ಆ ಸಮುದ್ರವನ್ನು ಒಣಗಿಸಲಾಯಿತು.

ಆದರೂ ಈ ವಾದವನ್ನು ಹಾಗೆಯೇ ತಂದು ನಮ್ಮ ಕೆರೆಯ ಏರಿಯ ಮೇಲಿಟ್ಟರೆ ಅದು ನಿಲ್ಲುವುದಿಲ್ಲ. ಹಳೆಯ ಮೈಸೂರು ಸೀಮೆಯ ಕೆರೆಗಳು ಶತಮಾನಗಳ ಕಾಲ ಸುಸ್ಥಿತಿಯಲ್ಲಿದ್ದದ್ದು ಸಮಾನತೆಯ ಸಮಾಜದಲ್ಲೇನಲ್ಲ. ಹಳ್ಳಿಯ ಆಯಗಾರರ ಸಾಲಿನಲ್ಲಿ ನೀರುಗಂಟಿಯೂ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ, ಜೊತೆಗೆ ಒಂದು ತುಂಡು ಇನಾಂ ಜಮೀನು, ಇಷ್ಟಕ್ಕೆ ತಲೆಮಾರಿನಿಂದ ತಲೆಮಾರಿಗೆ ಆ ಕೆಲಸ. ಹೂಳು ತೆಗೆಯುವುದು, ಏರಿಗೆ ಮಣ್ಣು ಹಾಕುವುದು ಬಹುಮಟ್ಟಿಗೆ ಬಿಟ್ಟಿ ಚಾಕರಿಯಿಂದ ನಡೆದವು. ಈಗ ಕೆಲವರು ‘ನಮ್ಮ ಹಿರಿಯರು ಕೆರೆಗಳನ್ನು ದೇವರಂತೆ ಕಾಪಾಡಿದರು’ ಎಂದು ಬರೆಯುವಾಗ, ಆ ಹಿರಿಯರಲ್ಲಿ ಕೆಸರಿಗೆ ಇಳಿದವರು ಯಾರು, ಏರಿಯ ಮೇಲೆ ನಿಂತು ಕೈ ತೋರಿಸಿದವರು ಯಾರು ಎಂದು ಕೇಳಬೇಕೆನ್ನಿಸುತ್ತದೆ. ಹಾಗೆ ಬರೆಯುವವರು ಹೆಚ್ಚಾಗಿ ನಮ್ಮ ಕಡೆಯವರೇ.

ಮೇಲುಕೀಳಿನ ಶ್ರೇಣಿ ಇದ್ದೂ ಕೆರೆ ಉಳಿದಿತ್ತಲ್ಲ ಎಂಬ ಪ್ರಶ್ನೆಗೆ ನನಗೆ ತೋಚುವ ಉತ್ತರ ಇಷ್ಟು. ಕೆರೆಯನ್ನು ಉಳಿಸಿದ್ದು ಶ್ರೇಣಿಯಲ್ಲ, ಶ್ರೇಣಿಯ ಕೆಳಗೆ ಸಿಕ್ಕಿಬಿದ್ದವರ ತಿಳಿವಳಿಕೆ. ಆ ತಿಳಿವಳಿಕೆಗೆ ಶ್ರೇಣಿಯು ಮಾತನಾಡುವ ಹಕ್ಕನ್ನು ಕೊಡಲಿಲ್ಲ, ಕೇವಲ ದುಡಿಯುವ ಕರ್ತವ್ಯವನ್ನು ಕೊಟ್ಟಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಕಾನೂನಿನ ಮಟ್ಟಿಗೆ ಹೋದವು, ಹೋಗಲೇಬೇಕಿತ್ತು. ನೀರುಗಂಟಿಗಳ ಮಕ್ಕಳಲ್ಲಿ ಹೆಚ್ಚಿನವರು ಬೆಂಗಳೂರಿನ ಕಾರ್ಖಾನೆಗಳಿಗೆ ಹೋದರು, ಅದೂ ಒಳ್ಳೆಯದೇ ಆಯಿತು. ಅವರು ಹೋದ ಮೇಲೆ ತಿಳಿದದ್ದೇನೆಂದರೆ, ಜಮೀನಿನ ಒಡೆಯರಾದ ನಮಗೆ ನಮ್ಮದೇ ಗದ್ದೆ ಎಷ್ಟು ನೀರು ಕುಡಿಯುತ್ತದೆಂಬುದು ಗೊತ್ತಿರಲಿಲ್ಲ. ತೀರ್ಮಾನ ಒಬ್ಬನದು, ಕೆಸರು ಇನ್ನೊಬ್ಬನದು ಆಗಿರುವ ಕಡೆ ನೆಲದ ಅರಿವು ತೀರ್ಮಾನಿಸುವವನ ತನಕ ಏರಿ ಬರುವುದೇ ಇಲ್ಲ. ಅವನ ತಪ್ಪಿನ ಫಲವನ್ನು ಉಣ್ಣುವವರು ಕೆಳಗಿನವರಾದ್ದರಿಂದ ತಪ್ಪು ಮಾಡಿದೆನೆಂಬುದೂ ಅವನಿಗೆ ತಿಳಿಯುವುದಿಲ್ಲ. ಪರಿಸರದ ಬಿಕ್ಕಟ್ಟಿಗೂ ಸಾಮಾಜಿಕ ಮೇಲುಕೀಳಿಗೂ ಇರುವ ನಂಟನ್ನು ನಾನು ಹಿಡಿಯುವುದು ಈ ತುದಿಯಿಂದ.

ನಾಲೆಯ ಕಥೆಯೂ ಇದೇ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ನಾಲೆ, 1933ರಲ್ಲಿ ಮಂಡ್ಯದಲ್ಲಿ ನಿಂತ ಸಕ್ಕರೆ ಕಾರ್ಖಾನೆ, ಇವು ಈ ಸೀಮೆಗೆ ಅನ್ನ ಕೊಟ್ಟವು. ಅದನ್ನು ಅಲ್ಲಗಳೆಯುವ ಕೃತಘ್ನತೆ ನನಗಿಲ್ಲ. ನನ್ನ ಓದಿನ ಖರ್ಚು ಹುಟ್ಟಿದ್ದೂ ಕಬ್ಬಿನ ಗದ್ದೆಯಲ್ಲೇ. ಆದರೆ ನೀರು ಬಂದ ಮಾತ್ರಕ್ಕೆ ಊರಿನ ಮೇಲುಕೀಳು ಕೊಚ್ಚಿಹೋಗಲಿಲ್ಲ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್ಸ್ಟೈನ್ 1950ರ ದಶಕದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು, ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದು ಒಣ ಹಳ್ಳಿಯಾಗಿಯೇ ಉಳಿದಿತ್ತು. 1962ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹಳೆಯ ಕಟ್ಟುಪಾಡುಗಳು ಹೆಚ್ಚು ಗಟ್ಟಿಯಾಗಿ ಉಳಿದದ್ದು ನೀರು ಬಂದ ಹಳ್ಳಿಯಲ್ಲಿ. ಭೂಮಿಯುಳ್ಳ ಒಕ್ಕಲಿಗರಿಗೂ ಅವರ ಮನೆಗಳಿಗೆ ವಂಶಪಾರಂಪರ್ಯವಾಗಿ ದುಡಿಯುತ್ತಿದ್ದ ದಲಿತ ಕುಟುಂಬಗಳಿಗೂ ಇದ್ದ ಸಂಬಂಧ ಅಲ್ಲಿ ಹೆಚ್ಚು ಅಲುಗಲಿಲ್ಲ. ಬದಲಾವಣೆಗೆ ತೆರೆದುಕೊಂಡದ್ದು ಹೊರಗಿನ ದುಡಿಮೆಗಳನ್ನು ಹುಡುಕಬೇಕಾಗಿ ಬಂದ ಒಣ ಹಳ್ಳಿ.

ಹೀಗೆ ಹಳೆಯ ಏಣಿಯ ಮೇಲೆಯೇ ಹರಿದ ನೀರು ಈಗ ನೆಲದಲ್ಲಿ ಏನು ಮಾಡಿದೆ ಎಂಬುದನ್ನು ನಾಲೆಯ ಉದ್ದಕ್ಕೂ ಒಂದು ದಿನ ಬೈಕಿನಲ್ಲಿ ಹೋದರೆ ಕಾಣಬಹುದು. ಮೇಲ್ಭಾಗದಲ್ಲಿ ಕಬ್ಬಿಗೂ ಭತ್ತಕ್ಕೂ ಬೇಕಾದ್ದಕ್ಕಿಂತ ಹೆಚ್ಚು ನೀರು ನಿಂತು ನಿಂತು ತಗ್ಗಿನ ಗದ್ದೆಗಳು ಚೌಳು ಹಿಡಿದಿವೆ. ಬೇಸಿಗೆಯಲ್ಲಿ ಅವುಗಳ ಮೇಲೆ ಬೆಳ್ಳಗೆ ಉಪ್ಪು ಅರಳುತ್ತದೆ. ಕೆಳಗೆ, ನಮ್ಮ ಕಡೆ, ಕಟ್ಟು ನೀರಿನ ಸರದಿ ಬರುವ ಹೊತ್ತಿಗೆ ಉಪನಾಲೆಯಲ್ಲಿ ಬರುವುದು ಪಾಚಿ, ಪ್ಲಾಸ್ಟಿಕ್ ಚೀಲ ಮತ್ತು ಮೊಣಕಾಲು ಮುಟ್ಟದ ನೀರು. ಅದಕ್ಕಾಗಿ ಕೊಳವೆಬಾವಿ ಕೊರೆಸುತ್ತೇವೆ, ಕೊರೆಸಲು ಹಣವಿಲ್ಲದವರು ಇರುವವರಿಂದ ನೀರು ಕೊಳ್ಳುತ್ತಾರೆ. ಒಂದೇ ನಾಲೆ ಮೇಲಿನ ನೆಲವನ್ನು ಕೊಳೆಸುತ್ತಿದೆ, ಕೆಳಗಿನ ನೆಲದ ಅಂತರ್ಜಲವನ್ನು ಬತ್ತಿಸುತ್ತಿದೆ.

2018ರಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ನೀರಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಡಿ ಎಂದು ನಿಗದಿ ಮಾಡಿತು. ಕೊರತೆಯ ವರ್ಷದಲ್ಲಿ ನೀರು ಬಿಡಿ ಎಂಬ ಆದೇಶ ಬಂದರೆ ಜಿಲ್ಲೆಗೆ ಜಿಲ್ಲೆಯೇ ಹೆದ್ದಾರಿಗೆ ಬಂದು ಕೂರುತ್ತದೆ, ನಾನೂ ಕೂತಿದ್ದೇನೆ. ನಮ್ಮದೇ ನಾಲೆಯ ತೂಬಿನ ತಿರುಪನ್ನು ರಾತ್ರೋರಾತ್ರಿ ತಿರುವಿ, ಕೆಳಗಿನವರ ಸರದಿಯನ್ನು ಮೇಲಿನವರು ಕುಡಿದುಬಿಟ್ಟಾಗ ಮಾತ್ರ ಯಾರೂ ಎಲ್ಲಿಯೂ ಕೂರುವುದಿಲ್ಲ. ತಿರುವಿದವರು ನೆಂಟರಾಗಿರುತ್ತಾರೆ, ಇಲ್ಲವೇ ಎದುರು ಮಾತಾಡಲಾಗದಷ್ಟು ದೊಡ್ಡವರಾಗಿರುತ್ತಾರೆ.

ಮಲಿನವಾಗುವುದು ಎಂದರೇನು ಎಂಬ ಪ್ರಶ್ನೆಯಲ್ಲೂ ಜಾತಿ ನಮ್ಮ ಕಣ್ಣಿಗೆ ಪೊರೆ ಕಟ್ಟಿದೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರೊಂದಿಗೆ ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆ ಬಳಿಕ ಕೆರೆ ಮೈಲಿಗೆಯಾಯಿತೆಂದು ಮೇಲ್ಜಾತಿಯವರು ಅದಕ್ಕೆ ಮಡಕೆಗಟ್ಟಲೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ‘ಶುದ್ಧಿ’ ಮಾಡಿದರು. ಆ ನೀರಿನ ಹಕ್ಕು ನ್ಯಾಯಾಲಯದಲ್ಲಿ ಗೆಲ್ಲಲು 1937ರ ತನಕ ಹತ್ತು ವರ್ಷ ಬೇಕಾಯಿತು. ಮನುಷ್ಯನ ಬೊಗಸೆಯಲ್ಲಿ ಮೈಲಿಗೆಯನ್ನು ಕಾಣುವ, ಸಗಣಿಯಲ್ಲಿ ಕಾಣದ ಕಣ್ಣು ನಮ್ಮದು. ಮಡಿಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಸಮಾಜ ಕಾವೇರಿಗೆ ಚರಂಡಿ ಬಿಡುವಾಗ ಮೂಗು ಮುರಿಯದಿರುವುದಕ್ಕೆ ನನಗೆ ಈಗ ಆಶ್ಚರ್ಯವಾಗುವುದಿಲ್ಲ.

ನಾನು ಈಗ ವಾಸವಿರುವುದು ಮೈಸೂರಿನಲ್ಲಿ. 2016ರಲ್ಲಿ ಇದು ದೇಶದ ಅತ್ಯಂತ ಸ್ವಚ್ಛ ನಗರವೆಂದು ಮೊದಲ ಸ್ಥಾನ ಪಡೆದಾಗ ನಮ್ಮ ಬಡಾವಣೆಯಲ್ಲಿ ಸಿಹಿ ಹಂಚಿದರು. ಬೆಳಗಿನ ಐದೂವರೆಗೆ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅದರಲ್ಲೂ ಹೆಂಗಸರು. ಅವರು ಗುಡಿಸಿದ್ದರ ಬಹುಭಾಗ ವರ್ಷಗಟ್ಟಲೆ ಹೋಗಿ ಗುಡ್ಡವಾದದ್ದು ವಿದ್ಯಾರಣ್ಯಪುರದ ಬಳಿಯ ಸೂಯೇಜ್ ಫಾರಂನಲ್ಲಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ನಮ್ಮ ಬೀದಿಯ ಮನೆಗಳಿಗೆ ಹೇಳಿ ಹೇಳಿ ಸೋತ ಕಾರ್ಮಿಕರೊಬ್ಬರು ಒಮ್ಮೆ ನನಗೆ, ‘ನಮ್ಮ ಕೈ ಐತಲ್ಲ ಸಾರ್, ಅದಕ್ಕೇ ಯಾರೂ ಬೇರೆ ಮಾಡಲ್ಲ’ ಎಂದರು. ಅಗ್ಗದ ಕೈಗಳು ಕಾದು ನಿಂತಿರುವ ತನಕ ನಮ್ಮ ಮನೆಯ ಕಸಕ್ಕೆ ತೂಕವೇ ಇರುವುದಿಲ್ಲ, ತೂಕ ಅವರ ಭುಜದ ಮೇಲೆ ಇರುತ್ತದೆ.

ಮತ್ತೆ ಊರಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕೆರೆಯ ಹೂಳೆತ್ತುವ ಕೆಲಸ ಮಂಜೂರಾಯಿತು. ಅರಳಿಕಟ್ಟೆಯಲ್ಲಿ ಸೇರಿದ ಸಭೆಗೆ ಅಚ್ಚುಕಟ್ಟಿನಲ್ಲಿ ಜಮೀನಿದ್ದವರನ್ನು ಕರೆದರು. ಜಮೀನು ಗಂಡಸರ ಹೆಸರಿನಲ್ಲಿರುವುದರಿಂದ ಗಂಡಸರಷ್ಟೇ ಬಂದರು. ಹಳೆಯ ನೀರುಗಂಟಿಯ ಮಗನಿಗೆ, ಅಪ್ಪನ ಜೊತೆ ಹತ್ತಾರು ವರ್ಷ ತೂಬಿಗಿಳಿದ ಮನುಷ್ಯನಿಗೆ, ಜಮೀನಿಲ್ಲದ ಕಾರಣ ಕರೆ ಹೋಗಲಿಲ್ಲ. ಆದರೂ ಅವರು ಬಂದು ಕಟ್ಟೆಯ ಕೆಳಗೆ ನಿಂತಿದ್ದರು. ನಾನು ಕಟ್ಟೆಯ ಮೇಲೆ ಕೂತಿದ್ದೆ. ತೂಬಿನ ಮುಂದೆ ಆಳ ತೋಡಬೇಡಿ, ತೂಬಿನ ಬಾಯಿಯ ಮಟ್ಟಕ್ಕಿಂತ ಕೆಳಗೆ ನಿಂತ ನೀರು ಗದ್ದೆಗೆ ಹತ್ತುವುದಿಲ್ಲ, ಹೂಳು ಹೆಚ್ಚಾಗಿರುವುದು ಹಿನ್ನೀರಿನ ಕಡೆ, ಅಲ್ಲಿ ತೆಗೆಯಿರಿ ಎಂದು ಅವರು ಎರಡು ಸಲ ಹೇಳಿದರು. ಯಾರೋ ‘ನೋಡಾಣ ಇರ್‍ಲಾ’ ಎಂದರು. ನಾನು ಏನೂ ಹೇಳಲಿಲ್ಲ.

ಜೆಸಿಬಿ ಇಳಿಯಲು ದಾರಿ ಸಲೀಸಾಗಿದ್ದದ್ದು ತೂಬಿನ ಬಳಿಯೇ ಆದ್ದರಿಂದ ಅಲ್ಲಿಯೇ ತೋಡಿದರು. ತೆಗೆದ ಗೋಡು ಮಣ್ಣು ಟ್ರ್ಯಾಕ್ಟರ್ ಇದ್ದವರ ಹೊಲಗಳಿಗೆ ಹೋಯಿತು, ನಮ್ಮ ಹೊಲಕ್ಕೂ ಎಂಟು ಲೋಡು ಬಂತು. ಹಿನ್ನೀರಿನ ಹೂಳು ಹಾಗೆಯೇ ಉಳಿದದ್ದರಿಂದ 2022ರ ಮಳೆಗೆ ಕೆರೆ ಬೇಗನೆ ತುಂಬಿ ಕೋಡಿ ಬಿತ್ತು, ಕೋಡಿ ಹಳ್ಳದ ಪಕ್ಕದಲ್ಲಿರುವ ದಲಿತರ ಕೇರಿಯ ಮನೆಗಳಿಗೆ ನೀರು ನುಗ್ಗಿತು. ನೀರುಗಂಟಿಯ ಮಗನ ಮನೆಯೂ ಅವುಗಳಲ್ಲೊಂದು. ಕಳೆದ ಬೇಸಿಗೆಯಲ್ಲಿ ನಾನು ಹೋದಾಗ ಅವರು ಏರಿಯ ಮೇಲೆ ಸಿಕ್ಕರು. ನಾನು ‘ಅಣ್ಣಾ’ ಎಂದು ಮಾತಾಡಿಸಿದೆ, ಅವರು ಸ್ವಲ್ಪ ತಡೆದು ನಕ್ಕರು. ಇಬ್ಬರೂ ಕೆರೆಯ ಕಡೆ ನೋಡುತ್ತ ನಿಂತೆವು. ತೂಬಿನ ಮುಂದಿನ ಗುಂಡಿಯಲ್ಲಿ ಎರಡಾಳು ನೀರಿತ್ತು, ಅದು ತೂಬಿನ ಬಾಯಿಗಿಂತ ಒಂದು ಮೊಳ ಕೆಳಗಿತ್ತು, ಆಚೆ ಗದ್ದೆಗಳಲ್ಲಿ ನಾಟಿ ಒಣಗುತ್ತಿತ್ತು.