ಒಬ್ಬರಿಗೂ ಊಟ ಹಾಕದ ಒಕ್ಕೂಟಕ್ಕೆ ಚಂದಾ ಯಾಕೆ ಕೊಡಬೇಕು?

ಆಸ್ಟ್ರೇಲಿಯಾದಲ್ಲಿ ದಿನಸಿ ಹಂಚುವ, ಬಾಡಿಗೆ ಬಾಕಿ ಬಿದ್ದವರಿಗೆ ನೆರವಾಗುವ, ವಯಸ್ಸಾದವರನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸುವ ಸಣ್ಣ ಸಂಸ್ಥೆಗಳು ಬಹಳ ಇವೆ. ಕನ್ನಡಿಗರೂ ಸೇರಿದಂತೆ ಭಾರತೀಯರು ಕಟ್ಟಿದವೂ ಇವೆ. ಇವರ ಸಮಿತಿ ಸಭೆಯಲ್ಲಿ ‘ಪೀಕ್ ಬಾಡಿ’ಯ, ಅಂದರೆ ಸೇವಾ ಸಂಸ್ಥೆಗಳ ಮೇಲೊಕ್ಕೂಟದ, ಸದಸ್ಯತ್ವ ನವೀಕರಣ ಚರ್ಚೆಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: “ಅವರು ಒಬ್ಬರಿಗೂ ಊಟ ಹಾಕಲ್ಲ, ಒಂದು ರಾತ್ರಿ ಆಸರೆ ಕೊಡಲ್ಲ. ಆ ದುಡ್ಡಲ್ಲಿ ನಾವೇ ಅಕ್ಕಿ ತರಬಹುದಲ್ಲ?”

ನಮ್ಮ ಉತ್ತರ: ಅಕ್ಕಿಗೆ ಬರುವವರ ಸಂಖ್ಯೆ ಏರುತ್ತಿರುವುದು ಯಾವ ನಿಯಮದಿಂದಲೋ ಆ ನಿಯಮದ ಜೊತೆ ಜಗಳವಾಡಲು ಒಬ್ಬರು ಬೇಕು. ಸರ್ಕಾರದ ಅನುದಾನದಲ್ಲಿ ನಡೆಯುವ ಸಣ್ಣ ಸಂಸ್ಥೆಗೆ ಅದು ಕಷ್ಟ. ಮುಂದಿನ ವರ್ಷ ಒಪ್ಪಂದ ನವೀಕರಿಸುವ ಅಧಿಕಾರಿಗೇ “ನಿಮ್ಮ ಅನುದಾನದ ದರ ಸಾಲದು” ಎಂದು ಒಂಟಿಯಾಗಿ ಬರೆದು ಕೊಡಲು ಯಾರಿಗಾದರೂ ಅಳುಕು ಇದ್ದೇ ಇರುತ್ತದೆ. ನೂರಾರು ಸಂಸ್ಥೆಗಳ ಪರವಾಗಿ, ಯಾರ ಹೆಸರೂ ಹೊರಬೀಳದಂತೆ ಅದನ್ನು ಬರೆಯುವುದು ಒಕ್ಕೂಟದ ಕೆಲಸ. ಇಡೀ ದೇಶಕ್ಕೆ 1956ರಲ್ಲಿ ಹುಟ್ಟಿದ ಎಕಾಸ್ (ACOSS, ಆಸ್ಟ್ರೇಲಿಯಾದ ಸಮಾಜ ಸೇವಾ ಸಂಸ್ಥೆಗಳ ಒಕ್ಕೂಟ) ಇದೆ. ನ್ಯೂ ಸೌತ್ ವೇಲ್ಸ್‌ಗೆ ಎನ್‌ಕಾಸ್, ವಿಕ್ಟೋರಿಯಾಕ್ಕೆ ವಿಕಾಸ್, ಹೀಗೆ ರಾಜ್ಯಕ್ಕೊಂದು ಇವೆ.

ದರ ಸಾಲದು ಅನ್ನುವುದು ಬರೀ ಗೊಣಗಾಟವಲ್ಲ, ಲೆಕ್ಕ ಹಾಕಿ ನೋಡಿ. ಐದು ಲಕ್ಷ ಡಾಲರ್ ಅನುದಾನದ ಒಂದು ಸಂಸ್ಥೆ ಇದೆ ಎಂದುಕೊಳ್ಳಿ. ಅದರಲ್ಲಿ ನಾಲ್ಕು ಲಕ್ಷ ಸಿಬ್ಬಂದಿಯ ಸಂಬಳ ಮತ್ತು ಸೂಪರ್‌ಗೆ, ಅಂದರೆ ಮಾಲೀಕರು ಕಟ್ಟಬೇಕಾದ ನಿವೃತ್ತಿ ನಿಧಿಗೆ, ಹೋಗುತ್ತದೆ. 2023ರ ಜುಲೈನಲ್ಲಿ ಅವಾರ್ಡ್ ವೇತನ (ಆಯಾ ವಲಯಕ್ಕೆ ಕಾನೂನು ಗೊತ್ತುಮಾಡಿದ ಕನಿಷ್ಠ ಸಂಬಳ) ಶೇ. 5.75 ಏರಿತು, ಸೂಪರ್ ಶೇ. 10.5ರಿಂದ 11ಕ್ಕೆ ಹೋಯಿತು. ಎರಡೂ ಸೇರಿ ಖರ್ಚು ಸುಮಾರು 24,900 ಡಾಲರ್ ಹೆಚ್ಚಿತು. ಅದೇ ವರ್ಷ ಅನುದಾನವನ್ನು ಶೇ. 3ರಷ್ಟು ಮಾತ್ರ ಏರಿಸಿದರೆ ಕೈಗೆ ಬರುವುದು 15,000. ಕೊರತೆ 9,900. ಬಾಡಿಗೆ, ವಿಮೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಗಂಟೆಗೆ 50 ಡಾಲರ್ ಹಿಡಿದರೆ ವಾರಕ್ಕೆ ಸುಮಾರು ನಾಲ್ಕು ಗಂಟೆ ಕೆಲಸ ಮಾಯ. ಅನುದಾನ ಕಡಿತವಾಯಿತೆಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ, ಕಡಿತ ಮಾತ್ರ ಆಗಿರುತ್ತದೆ. ಹೀಗೆ ಐದು ವರ್ಷ ನಡೆದರೆ ವಾರಕ್ಕೆ ಸುಮಾರು ಇಪ್ಪತ್ತು ಗಂಟೆ ದುಡಿಯುವ ಒಬ್ಬ ಅರೆಕಾಲಿಕ ಕೆಲಸಗಾರರೇ ಕಡಿಮೆ. ಬಜೆಟ್‌ಗೆ ಮುನ್ನ ಒಕ್ಕೂಟಗಳು ವರ್ಷಾವರ್ಷ ‘ಇಂಡೆಕ್ಸೇಶನ್’, ಅಂದರೆ ಖರ್ಚು ಏರಿದಷ್ಟೇ ಅನುದಾನವೂ ಏರಲಿ, ಎಂದು ಪಟ್ಟು ಹಿಡಿಯುವುದು ಇದಕ್ಕೇ. 2012ರ ಸಮಾನ ವೇತನ ಆದೇಶ ಈ ವಲಯದ ಸಂಬಳವನ್ನು ಹಂತಹಂತವಾಗಿ ಶೇ. 23ರಿಂದ 45ರವರೆಗೆ ಏರಿಸಿತು. ಆ ಪ್ರಕರಣ ನಡೆಸಿದ್ದು ಕಾರ್ಮಿಕ ಸಂಘಟನೆ. ಆದರೆ ಹೆಚ್ಚಿದ ಸಂಬಳದ ಹಣವನ್ನು ಸರ್ಕಾರಗಳು ತುಂಬಿಕೊಡದಿದ್ದರೆ ಸೇವೆಯನ್ನೇ ಕಡಿಮೆ ಮಾಡಬೇಕಾಗುತ್ತದೆ ಎಂದು ಒಕ್ಕೂಟಗಳು ಬೆನ್ನುಹತ್ತಿ ಹೇಳಬೇಕಾಯಿತು.

ಇನ್ನೊಂದು ಕೆಲಸ, ಚದುರಿದ ದೂರುಗಳಲ್ಲಿ ಒಂದೇ ಕಾರಣ ಕಂಡುಹಿಡಿಯುವುದು. 2016ರಲ್ಲಿ ಜೋರಾದ ರೋಬೋಡೆಟ್ ನೆನಪಿಸಿಕೊಳ್ಳಿ: ಸರ್ಕಾರದ ಭತ್ಯೆ ಪಡೆದವರ ಮೇಲೆ ಕಂಪ್ಯೂಟರ್ ಲೆಕ್ಕದಿಂದ ಸಾಲ ಹೊರಿಸುತ್ತಿದ್ದ ಯೋಜನೆ ಅದು. ಒಬ್ಬಾಕೆ ಜುಲೈನಿಂದ ಡಿಸೆಂಬರ್‌ವರೆಗೆ ಎರಡು ವಾರಕ್ಕೆ 2,000 ಡಾಲರ್‌ನಂತೆ 26,000 ದುಡಿದು, ಆಮೇಲೆ ಕೆಲಸ ಹೋಗಿ ಭತ್ಯೆ ಪಡೆದಳು ಎನ್ನಿ. ವ್ಯವಸ್ಥೆ ಆ 26,000ವನ್ನು ವರ್ಷದ 26 ಕಂತಿಗೆ ಸಮನಾಗಿ ಹಂಚಿ, “ಭತ್ಯೆ ಪಡೆಯುವಾಗಲೂ ನಿನಗೆ 1,000 ಬರುತ್ತಿತ್ತು, ಹಣ ವಾಪಸ್ ಕೊಡು” ಎಂದು ನೋಟಿಸ್ ಕಳಿಸುತ್ತಿತ್ತು. ಸುಳ್ಳೆಂದು ಸಾಬೀತು ಮಾಡಲು ವರ್ಷಗಳ ಹಿಂದಿನ ಪೇಸ್ಲಿಪ್ ಹುಡುಕಬೇಕಾದ್ದು ಆಕೆಯೇ. ಒಂದೊಂದು ಸೇವಾ ಕೇಂದ್ರಕ್ಕೆ ಇದು ಒಬ್ಬೊಬ್ಬರ ಗೋಳಾಗಿ ಬಂತು. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಲೆಕ್ಕದ ವಿಧಾನವೇ ತಪ್ಪೆಂದು ಕಂಡಿತು. ಎಕಾಸ್ 2017ರಲ್ಲೇ ನಿಲ್ಲಿಸಿ ಎಂದಿತು, ಸೆನೆಟ್ ವಿಚಾರಣೆಯೂ ನಡೆಯಿತು. ಆದರೂ ನಿಂತಿದ್ದು 2019ರ ನವೆಂಬರ್‌ನಲ್ಲಿ, ಪ್ರಕರಣ ಫೆಡರಲ್ ಕೋರ್ಟ್ ಮುಟ್ಟಿದ ಮೇಲೆ. ಒಕ್ಕೂಟವೊಂದೇ ಗೆದ್ದಿತು ಎನ್ನುವುದು ಸರಿಯಲ್ಲ. ನೋಟಿಸ್ ಬಂದವರು, ಉಚಿತ ಕಾನೂನು ನೆರವಿನ ವಕೀಲರು ಹೋರಾಡಿದರು.

ಈ ಕೆಲಸ ಕೆಡುವುದು ಹೆಚ್ಚಾಗಿ ಅಂಕಿಅಂಶದಲ್ಲಿ. ಒಂದು ಸಂಸ್ಥೆ ಬಂದ ಜನರನ್ನು ಎಣಿಸುತ್ತದೆ, ಇನ್ನೊಂದು ಭೇಟಿಗಳನ್ನು, ಮತ್ತೊಂದು ಕೊಟ್ಟ ದಿನಸಿ ಚೀಲಗಳನ್ನು. ಒಂದೇ ಮನೆಯವರು ತಿಂಗಳಲ್ಲಿ ನಾಲ್ಕು ಸಲ ಬಂದರೆ ಒಂದು ಕಡೆ ಅದು ಒಂದು, ಇನ್ನೊಂದು ಕಡೆ ನಾಲ್ಕು. ಇವನ್ನು ಕೂಡಿಸಿ ಇಲಾಖೆಗೆ ಕೊಟ್ಟರೆ ಮೊದಲ ಪ್ರಶ್ನೆಗೇ ಕುಸಿದುಬೀಳುತ್ತದೆ. ಒಂದು ಗೊತ್ತಾದ ವಾರ ಆರಿಸಿಕೊಂಡು ಮನೆಗಳನ್ನು ಮಾತ್ರ ಎಣಿಸಿ. ಸೇವೆ ಕೊಡಲಾಗದೆ ವಾಪಸ್ ಕಳಿಸಿದವರನ್ನು ಬೇರೆಯಾಗಿ, ಕಾರಣದ ಸಮೇತ ಬರೆದಿಡಿ. ಈ ಎರಡನೆಯ ಸಂಖ್ಯೆಯನ್ನು ಬಹುತೇಕರು ಬರೆಯುವುದೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಅದೇ ಹೆಚ್ಚು ಬೆಲೆಯುಳ್ಳದ್ದು. ನಮ್ಮವರಿಗೆ ಮುಖ್ಯವಾದ ಉದಾಹರಣೆ: 2019ರ ಜನವರಿಯಿಂದೀಚೆಗೆ ಪಿಆರ್ (ಕಾಯಂ ವಾಸದ ವೀಸಾ) ಪಡೆದ ಹೆಚ್ಚಿನವರು ನಿರುದ್ಯೋಗ ಭತ್ಯೆಗೆ ನಾಲ್ಕು ವರ್ಷ ಕಾಯಬೇಕು. ನೆರವು ಕೇಳಿ ಬಂದ ಮನೆಗಳಲ್ಲಿ ಎಷ್ಟು ಈ ಕಾಯುವಿಕೆಯಲ್ಲಿವೆ ಎಂಬ ಲೆಕ್ಕ ಕನ್ನಡ, ತೆಲುಗು, ನೇಪಾಳಿ ಬಲ್ಲ ಸಣ್ಣ ಸಂಸ್ಥೆಗಳಿಂದಲೇ ಬರಬೇಕು.

ಸರ್ಕಾರದ ಹಣದಲ್ಲೇ ಒಕ್ಕೂಟವೂ ನಡೆದರೆ ಎದುರು ಮಾತಾಡೀತೇ ಎಂಬ ಅನುಮಾನ ನ್ಯಾಯವಾದದ್ದೇ. 2014ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ, ಹೋಮ್‌ಲೆಸ್‌ನೆಸ್ ಆಸ್ಟ್ರೇಲಿಯಾ, ನ್ಯಾಷನಲ್ ಶೆಲ್ಟರ್ ಮುಂತಾದ ಒಕ್ಕೂಟಗಳಿಗೆ ಕೇಂದ್ರದ ಅನುದಾನ ನಿಲ್ಲುತ್ತದೆಂಬ ಸುದ್ದಿ ಬಂತು. ಚಂದಾ ಬೇಕಾಗುವುದು ಇಂಥ ದಿನಗಳಿಗೆ. ಒಳಗಿನ ತೊಡಕೂ ಇದೆ: ದೊಡ್ಡ ಸದಸ್ಯರ ಮಾತಿಗೆ ತೂಕ ಜಾಸ್ತಿಯಾಗಿ, ಟೆಂಡರ್ ನಿಯಮಗಳ ವಿಷಯದಲ್ಲಿ ಸಣ್ಣವರ ಕಷ್ಟ ಬದಿಗೆ ಸರಿಯಬಹುದು.

ಆದ್ದರಿಂದ ಸೇರುವ ಮುಂಚೆ ಮೂರು ವಿಷಯ ಕೇಳಿ ತಿಳಿದುಕೊಳ್ಳಿ: ಆದಾಯದಲ್ಲಿ ಸರ್ಕಾರದ ಪಾಲೆಷ್ಟು, ಆಡಳಿತ ಮಂಡಳಿಯಲ್ಲಿ ಸಣ್ಣ ಸಂಸ್ಥೆಗಳ ಪ್ರತಿನಿಧಿಗಳು ಯಾರು, ಕಳೆದ ಬಜೆಟ್‌ಗೆ ಕೊಟ್ಟ ಬೇಡಿಕೆ ಪತ್ರದಲ್ಲಿ ನಿಮ್ಮಂಥವರ ವಿಷಯ ಎಲ್ಲಿದೆ. ಚಂದಾ ಸಾಮಾನ್ಯವಾಗಿ ಸಂಸ್ಥೆಯ ಆದಾಯಕ್ಕೆ ತಕ್ಕಂತೆ ಇರುತ್ತದೆ, ಸ್ವಯಂಸೇವಕರೇ ನಡೆಸುವ ಸಂಘಕ್ಕೆ ಕಡಿಮೆ. ಫೆಡರಲ್ ಬಜೆಟ್‌ನ ಬೇಡಿಕೆ ಪತ್ರಗಳ ಗಡುವು ಹೆಚ್ಚಾಗಿ ಜನವರಿ ಕೊನೆಯ ಹೊತ್ತಿಗೆ ಇರುತ್ತದೆ. ಒಕ್ಕೂಟ ಅದನ್ನು ಬರೆಯಲು ಕೂರುವುದು ಅದಕ್ಕೂ ಮುಂಚೆ, ಹಾಗಾಗಿ ನಿಮ್ಮ ಎಣಿಕೆ ನವೆಂಬರ್‌ನೊಳಗೆ ಅವರ ಕೈ ಸೇರಲಿ.